ಹಾಲು ಕುಡಿಸಲೋ ಬೇಡವೋ: ಬದಲಾಗುತ್ತಾ ಬಂದ ಉತ್ತರ

ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ನಮ್ಮ ಕಡೆ ಕೆಲವು ಮನೆಗಳಲ್ಲಿ ಈಗಲೂ ಒಳಲೆ ಹುಡುಕುತ್ತಾರೆ. ಅಟ್ಟದ ಮೇಲೆ ಎಲ್ಲೋ ಇರುತ್ತದೆ, ಅಜ್ಜಿ ಕಾಲದ್ದು. ನಾಲಿಗೆಗೆ ಒಂದು ತೊಟ್ಟು ಜೇನುತುಪ್ಪ. ಆಮೇಲೆ ಬಜೆ ತೇಯ್ದು ನೆಕ್ಕಿಸುವುದು, ಹೊಟ್ಟೆನೋವಿಗೆ ಗ್ರೈಪ್ ವಾಟರ್, ತಾಯಿಗೆ ಹಾಲು ಸಾಲದು ಅನಿಸಿದರೆ ಸ್ವಲ್ಪ ಹಸುವಿನ ಹಾಲು. ಎಲ್ಲವೂ ಪ್ರೀತಿಯಿಂದಲೇ. ಆದರೆ ತಾಯಿಗೆ ಎಚ್‌ಐವಿ ಇದ್ದು, ಮಗು ಎದೆಹಾಲು ಕುಡಿಯುತ್ತಿದ್ದರೆ, ಈ ಒಳಲೆಯಿಂದಲೇ ತೊಂದರೆ. ಅದನ್ನು ತಡೆಯಬೇಕಾದವಳು ಹಸಿ ಬಾಣಂತಿ. ಅದೂ ಕಾರಣ ಹೇಳದೆ. ಎಷ್ಟೋ ಸಲ ಅತ್ತೆಗೆ ವಿಷಯ ಗೊತ್ತಿರುವುದಿಲ್ಲ, ಕೆಲವು ಸಲ ಹೆತ್ತಮ್ಮನಿಗೂ ಗೊತ್ತಿರುವುದಿಲ್ಲ.

ಎಚ್‌ಐವಿ ಇರುವ ತಾಯಂದಿರ ವಿಷಯ ಬಂದಾಗ ಎಲ್ಲರೂ ಮಾತ್ರೆಯ ಬಗ್ಗೆ ಮಾತಾಡುತ್ತಾರೆ. ಮಾತ್ರೆಯ ಕಥೆ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಹಾಲಿನ ಬಗ್ಗೆ ಇವರಿಗೆ ಹೇಳಿದ ಮಾತು 30 ವರ್ಷದಲ್ಲಿ ಎಷ್ಟು ಸಲ ತಿರುಗಿತು ಅಂತ ನೋಡಿದರೆ ಇವರ ಪಾಡು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಒಂದು ಲೆಕ್ಕ. ತಾಯಿಯಿಂದ ಮಗುವಿಗೆ ವೈರಸ್ ಹೋಗುವುದು ಬಸಿರಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಇಲ್ಲವೇ ಎದೆಹಾಲಿನಲ್ಲಿ. ಏನೂ ಚಿಕಿತ್ಸೆ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಅಂದರೆ ಏನೂ ಮಾಡದಿದ್ದ ಕಾಲದಲ್ಲೂ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪಾರಾಗುತ್ತಿದ್ದರು. ಪಾಸಿಟಿವ್ ತಾಯಿ ಅಂದರೆ ಪಾಸಿಟಿವ್ ಮಗು ಅಂತ ಸುಮ್ನೆ ತೀರ್ಮಾನ ಮಾಡುವವರು ಇಂದಿಗೂ ಇದ್ದಾರೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಬಸುರಿಯರಿಗೆ ಎಝಡ್‌ಟಿ ಎಂಬ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ ಎಂದು 1994ರಲ್ಲಿ ಗೊತ್ತಾಯಿತು. ತಿಂಗಳುಗಟ್ಟಲೆ ಮಾತ್ರೆ, ಹೆರಿಗೆ ನೋವಿನ ಹೊತ್ತಿಗೆ ಡ್ರಿಪ್, ಆಮೇಲೆ ಮಗುವಿಗೆ 6 ವಾರ ಸಿರಪ್. ಅಮೆರಿಕದವರು ಇದರ ಜೊತೆಗೆ ಎದೆಹಾಲನ್ನೇ ನಿಲ್ಲಿಸಿಬಿಟ್ಟರು. ಅಲ್ಲಿ ನಲ್ಲಿ ನೀರು ಶುದ್ಧ, ಡಬ್ಬಿ ಹಾಲು ಕೈಗೆ ಸಿಗುತ್ತಿತ್ತು.

ಇಲ್ಲಿ? ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ದಿನಕ್ಕೆ ಏಳೆಂಟು ಸಲ ಬಾಟ್ಲಿ ಕುದಿಸಿ ಹಾಲು ಕಲಸಬೇಕು. ಒಂದು ಡಬ್ಬಿ ಎಷ್ಟು ದಿನ ಬಂದೀತು? ಖರ್ಚು ಹೇಗೋ ಹೊಂದಿಸಿದರೂ ಪಕ್ಕದ ಮನೆಯವರ ಬಾಯಿ ಮುಚ್ಚಿಸಲು ಆಗುತ್ತಿರಲಿಲ್ಲ. "ಯಾಕಮ್ಮ, ಹಾಲು ಬರ್ತಿಲ್ವಾ?" ಈ ಪ್ರಶ್ನೆಗೆ ಮೊದಲ ವಾರ ಏನೋ ಒಂದು ಹೇಳಬಹುದು. ಮೂರನೇ ತಿಂಗಳಲ್ಲಿ ಏನು ಹೇಳುವುದು?

1999ರಲ್ಲಿ ಉಗಾಂಡಾದ ಅಧ್ಯಯನವೊಂದು ದಾರಿ ತೋರಿಸಿತು. ಹೆರಿಗೆ ನೋವು ಬಂದಾಗ ತಾಯಿಗೆ ನೆವಿರಪಿನ್ ಒಂದೇ ಮಾತ್ರೆ, ಹುಟ್ಟಿದ 72 ಗಂಟೆಯೊಳಗೆ ಮಗುವಿಗೆ ಒಂದೇ ಸಲ ಸಿರಪ್. ಅಷ್ಟೇ. ಎಝಡ್‌ಟಿಯ ಚಿಕ್ಕ ಕೋರ್ಸ್‌ಗೆ ಹೋಲಿಸಿದರೆ ಸೋಂಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಇದು ನಮ್ಮ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೂ ಬಂತು. ಸೋಂಕು ಹೆಚ್ಚಿದ್ದ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಹಾಗಾಗಿ ಬಸುರಿಯರ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತ ಸಮಾಲೋಚನೆ ಎರಡೂ ಇಲ್ಲಿ ಬೇಗ ಶುರುವಾದವು.

ಹೆಸರಿನ ಬಗ್ಗೆ ಒಂದು ಮಾತು. ಬೇರೆ ದೇಶಗಳಲ್ಲಿ ಈ ಕಾರ್ಯಕ್ರಮಕ್ಕೆ 'ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯುವುದು' ಎಂದು ಹೆಸರು. ಭಾರತ 'ತಾಯಿ' ತೆಗೆದು 'ಪೋಷಕರು' ಎಂದು ಹಾಕಿತು. ಇಲ್ಲಿ ಹೆಚ್ಚಿನ ಹೆಂಗಸರಿಗೆ ಸೋಂಕು ಬಂದದ್ದೇ ಗಂಡನಿಂದ. ತಪ್ಪೆಲ್ಲ ತಾಯಿಯ ತಲೆಗೆ ಕಟ್ಟಬಾರದು ಎಂಬುದು ಉದ್ದೇಶ. ಕಾಗದದಲ್ಲಿ ಬದಲಾಯಿತು. ವಾರ್ಡಿನಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವವಳು ಮಾತ್ರ ಅವಳೇ, ಅಲ್ವಾ?

2004ರ ಏಪ್ರಿಲ್‌ನಲ್ಲಿ ಸರ್ಕಾರ ಎಆರ್‌ಟಿಯನ್ನು, ಅಂದರೆ ವೈರಸ್ ಹತೋಟಿಯಲ್ಲಿಡುವ ಔಷಧಿಗಳ ಚಿಕಿತ್ಸೆಯನ್ನು, ಉಚಿತವಾಗಿ ಶುರು ಮಾಡಿತು. ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಆದರೆ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಸಂಖ್ಯೆ, 200ಕ್ಕಿಂತ ಕೆಳಗಿಳಿದವರಿಗೆ ಮೊದಲ ಆದ್ಯತೆ. ಸ್ವಲ್ಪ ಗಟ್ಟಿಯಾಗಿದ್ದ ಬಸುರಿಗೆ ಆ ಒಂದೇ ನೆವಿರಪಿನ್ ಮಾತ್ರೆ ಗತಿ. ಅದು ಹೆರಿಗೆಯ ಹೊತ್ತಿಗೆ ಕಾಪಾಡುತ್ತಿತ್ತು. ಮುಂದಿನ ತಿಂಗಳುಗಳ ಹಾಲಿಗೆ ಅದರಿಂದ ರಕ್ಷಣೆ ಇರಲಿಲ್ಲ.

ಹಾಗಾಗಿ ಹಾಲಿನ ಪ್ರಶ್ನೆ ಅಲ್ಲೇ ಉಳಿಯಿತು. ಆಗಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಒಂದು 'ಆದರೆ' ಇತ್ತು. ಡಬ್ಬಿ ಹಾಲು ಮನೆಯವರಿಗೆ ಒಪ್ಪಿಗೆಯಾಗುತ್ತದಾ, ಮಾಡಲು ಸಾಧ್ಯವಾ, ಕೈಗೆಟಕುತ್ತದಾ, ಕೊನೆತನಕ ನಡೆಸಬಹುದಾ, ಶುದ್ಧವಾಗಿರುತ್ತದಾ? ಐದಕ್ಕೂ 'ಹೌದು' ಅಂದರೆ ಎದೆಹಾಲು ಬೇಡ. ಇಲ್ಲದಿದ್ದರೆ ಎದೆಹಾಲೇ ಕೊಡಿ. ನ್ಯಾಯವಾದ ಮಾತೇ. ಆದರೆ ಅದೇ ವಾರ ತನಗೆ ಎಚ್‌ಐವಿ ಇದೆ ಎಂದು ತಿಳಿದ ಹುಡುಗಿಯ ಮುಂದೆ ಐದು ಪ್ರಶ್ನೆ ಇಟ್ಟು 'ನೀನೇ ನಿರ್ಧಾರ ಮಾಡಮ್ಮ' ಅನ್ನುವುದು ಆಯ್ಕೆ ಕೊಟ್ಟ ಹಾಗಲ್ಲ, ಹೊರೆ ಹೊರಿಸಿದ ಹಾಗೆ ಅಂತ ನನಗನಿಸುತ್ತದೆ.

ತಕ್ಕಡಿ ತಿರುಗಿಸಿದ್ದು ಆಫ್ರಿಕಾದ ಅನುಭವ. ಬೋಟ್ಸ್‌ವಾನಾದಲ್ಲಿ ಸರ್ಕಾರವೇ ಉಚಿತವಾಗಿ ಡಬ್ಬಿ ಹಾಲು ಕೊಡುತ್ತಿತ್ತು. 2006ರ ಆರಂಭದಲ್ಲಿ ಅಲ್ಲಿ ಭಾರಿ ಮಳೆಯಾಗಿ ನೀರು ಕೆಟ್ಟಿತು. ವಾಂತಿಭೇದಿಗೆ ಸಿಕ್ಕಿದ ಕೂಸುಗಳಲ್ಲಿ ಎದೆಹಾಲು ಇಲ್ಲದವೇ ಹೆಚ್ಚು. ವೈರಸ್‌ನಿಂದ ತಪ್ಪಿಸಿಕೊಂಡ ಮಕ್ಕಳು ಭೇದಿಗೆ ಹೋದವು. ಇತ್ತ ದಕ್ಷಿಣ ಆಫ್ರಿಕಾದ ಅಧ್ಯಯನಗಳು ಇನ್ನೊಂದು ವಿಷಯ ತೋರಿಸಿದ್ದವು. ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆ ಬೇರೆ ಆಹಾರವನ್ನೂ ತಿಂದ ಮಕ್ಕಳಿಗೇ ಸೋಂಕು ಜಾಸ್ತಿ. ಎಳೆ ಕರುಳಿನ ಒಳಪದರ ಬೇರೆ ಆಹಾರದಿಂದ ಕೆರಳುತ್ತದೆ, ಆಗ ವೈರಸ್ ನುಗ್ಗಲು ಸುಲಭ ಎಂಬುದು ವೈದ್ಯರ ವಿವರಣೆ. ನಮ್ಮ ಒಳಲೆಯ ಕಥೆ ಬಂದು ಸೇರುವುದು ಇಲ್ಲೇ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸ್ಪಷ್ಟವಾಯಿತು. ತಾಯಿ ಅಥವಾ ಮಗು ಔಷಧಿಯ ರಕ್ಷಣೆಯಲ್ಲಿದ್ದರೆ ಎದೆಹಾಲು ಕೊಡಬಹುದು. 2012ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡಿನಲ್ಲಿ ಬಸುರಿಯರಿಗೆ ಒಂದೇ ಡೋಸ್ ಬದಲು ಮೂರು ಔಷಧಿಗಳ ಪೂರ್ತಿ ಚಿಕಿತ್ಸೆ ಶುರುವಾಯಿತು. 2014ರಿಂದ ಇಡೀ ದೇಶದಲ್ಲಿ. ಸಿಡಿ4 ಎಷ್ಟೇ ಇರಲಿ, ಗೊತ್ತಾದ ದಿನದಿಂದ ಜೀವನಪೂರ್ತಿ ಮಾತ್ರೆ. ಸರಿಯಾಗಿ ನುಂಗಿದರೆ, ಹಾಲು ಕುಡಿಸಿದರೂ ಸೋಂಕಿನ ಸಾಧ್ಯತೆ 100ಕ್ಕೆ 5ಕ್ಕಿಂತ ಕಡಿಮೆ.

ಒಂದು ತಮಾಷೆ ನೋಡಿ. ದಶಕಗಳ ಕಾಲ 'ಬೇಡವೇ ಬೇಡ' ಎಂದ ಅಮೆರಿಕದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಮಾತು ಸಡಿಲಿಸಿತು. ಚಿಕಿತ್ಸೆಯಿಂದ ವೈರಸ್ ಹತೋಟಿಯಲ್ಲಿರುವ ತಾಯಿ ಬಯಸಿದರೆ ಎದೆಹಾಲು ಕೊಡಲು ನೆರವಾಗಬೇಕು ಎಂದಿತು. ನಮ್ಮವರಿಗೆ ಅದು ಬೇರೆ ದಾರಿಯಿಲ್ಲದೆ ಬಂದದ್ದು, ಅಲ್ಲಿ ಆಯ್ಕೆಯಾಗಿ ಬಂತು.

ಈಗ ಮಗು ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್ ಶುರು. ಎರಡೂವರೆ ಕೆಜಿಗಿಂತ ಹೆಚ್ಚು ತೂಕವಿದ್ದರೆ ದಿನಕ್ಕೆ ಒಂದೂವರೆ ಎಂಎಲ್, ಸಾಮಾನ್ಯವಾಗಿ 6 ವಾರ. ತಾಯಿಯ ಚಿಕಿತ್ಸೆ ತಡವಾಗಿ ಶುರುವಾಗಿದ್ದರೆ 12 ವಾರ. ಆರನೇ ವಾರ ಹಿಮ್ಮಡಿಗೆ ಚುಚ್ಚಿ, ಕಾಗದದ ಮೇಲೆ ರಕ್ತದ ಚುಕ್ಕೆ ಒಣಗಿಸಿ ಲ್ಯಾಬ್‌ಗೆ ಕಳಿಸುತ್ತಾರೆ. ಸಾಮಾನ್ಯ ಪರೀಕ್ಷೆ ಆಗ ಉಪಯೋಗಕ್ಕೆ ಬಾರದು. ಅದು ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ತಾಯಿಯ ಪ್ರತಿಕಾಯಗಳೇ ಮಗುವಿನ ರಕ್ತದಲ್ಲಿ ಇರುತ್ತವಲ್ಲ, ಸೋಂಕಿಲ್ಲದ ಮಗುವೂ ಪಾಸಿಟಿವ್ ತೋರಿಸುತ್ತದೆ. ಹಾಗಾಗಿ 6 ತಿಂಗಳು, 12 ತಿಂಗಳು, ಕೊನೆಗೆ 18 ತಿಂಗಳು ಅಂತ ಮತ್ತೆ ಮತ್ತೆ ಪರೀಕ್ಷೆ.

ಆರು ತಿಂಗಳು ಬೇರೆ ಏನೂ ಬಾಯಿಗೆ ಹಾಕದಿರುವುದು ಹೇಗೆ? ಇಲ್ಲೊಂದು ಅನುಕೂಲವಿದೆ. ಈಗ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಎಲ್ಲ ಬಾಣಂತಿಯರಿಗೂ ಇದನ್ನೇ ಹೇಳುತ್ತಾರೆ. "ಆರು ತಿಂಗಳು ನೀರೂ ಬೇಡ ಅಂದಿದ್ದಾರೆ ಡಾಕ್ಟ್ರು" ಎಂದರೆ ಸಾಕು. ಅಜ್ಜಿ ಗೊಣಗಬಹುದು, ಅನುಮಾನ ಬರುವುದಿಲ್ಲ. ದಿನಾ ಹಾಕುವ ಸಿರಪ್ಪೂ ವಿಟಮಿನ್ ಡಿ ಹನಿಗಳ ಜೊತೆ ಸೇರಿಹೋಗುತ್ತದೆ.

ಕಷ್ಟ ಇರುವುದು ತವರಿನ ದಾರಿಯಲ್ಲಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು ಹೆರಿಗೆಗೆ ಬಾಗಲಕೋಟೆಗೋ ರಾಯಚೂರಿಗೋ ಹೋದರೆ, ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ಕಾಗದ ಹೋಗಬೇಕು, ಮಾತ್ರೆ ತಪ್ಪಬಾರದು. ಊರಿನ ಆಸ್ಪತ್ರೆಯಲ್ಲಿ ಗುರುತಿನವರು ಸಿಗುತ್ತಾರೆ ಎಂಬ ಹೆದರಿಕೆ ಬೇರೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆ ಇಲ್ಲದೆ ವಿಷಯ ಬಾಯಿಬಿಡುವಂತಿಲ್ಲ. 1097ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಆದರೆ ಊರಿನ ಬಾಯಿಗೆ ಯಾವ ಕಾಯ್ದೆ?

ಹದಿನೆಂಟನೇ ತಿಂಗಳಲ್ಲಿ, ಹಾಲು ಬಿಡಿಸಿ ಸ್ವಲ್ಪ ಕಾಲ ಕಳೆದ ಮೇಲೆ, ಕೊನೆಯ ಪರೀಕ್ಷೆ. ಅಷ್ಟೊತ್ತಿಗೆ ಮಗು ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಾಡುತ್ತಿರುತ್ತದೆ. ನೆಗೆಟಿವ್ ಎಂದು ಬರೆದ ಚೀಟಿ ಕೈಗೆ ಬಂದರೆ ತಾಯಿ ಅದನ್ನು ಮಡಚಿ ಪರ್ಸ್‌ಗೆ ಇಡುತ್ತಾಳೆ. ಮನೆಗೆ ಹೋಗಿ ತೋರಿಸೋಣ ಅಂದರೆ, ಮಗುವಿಗೆ ಏನಾಗಿತ್ತು ಅಂತಲೇ ಅಲ್ಲಿ ಯಾರಿಗೂ ಗೊತ್ತಿಲ್ಲ.