ಒಂದು ನಿಮಿಷದ ಬಿಳುಪು, ಮೂವತ್ತು ಸೆಕೆಂಡಿನ ಬಿಸಿ

ಗರ್ಭಕೊರಳಿನ ಕ್ಯಾನ್ಸರಿಗೆ ಅವಸರವಿಲ್ಲ. ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ ನೆಲೆಯೂರಿದ ಮೇಲೆ ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದೂ ಅದಕ್ಕೆ ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10. ಅಷ್ಟರಲ್ಲಿ ಗರ್ಭಕೊರಳಿನ ಬಾಯಿಯ ಸುತ್ತ ಕೆಟ್ಟ ಕೋಶಗಳ ತೇಪೆಯೊಂದು ಮೂಡಿರುತ್ತದೆ. ನೋವಿಲ್ಲ, ರಕ್ತವಿಲ್ಲ. ಆಗಲೇ ಅದನ್ನು ಸುಟ್ಟುಬಿಟ್ಟರೆ ಹೆಚ್ಚಿನವರಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಅವಸರ ಇರುವುದು ಊರಿನಿಂದ ಬಂದವಳಿಗೆ. ಪಾವಗಡದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ. 'ರಿಪೋರ್ಟ್ ಬಂದ ಮೇಲೆ ಬಾಮ್ಮ' ಎಂದರೆ ಎಷ್ಟೋ ಜನ ಮರಳಿ ಬರುವುದೇ ಇಲ್ಲ. ಹಾಗಾಗಿ ನೋಡಿದ ದಿನವೇ ಚಿಕಿತ್ಸೆ ಕೊಡುವುದು ಜಾಣತನ.

ತೇಪೆಯನ್ನು ನೋಡಲು ಬೇಕಾದದ್ದು ವಿನೆಗರಿನಷ್ಟೇ ಹುಳಿಯಾದ ದ್ರಾವಣ: 95 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್. ದಿನಾ ಹೊಸದಾಗಿ ಮಾಡಬೇಕು, ಬಾಟಲಿಗೆ ಚೀಟಿ ಅಂಟಿಸಬೇಕು. ಬೆರೆಸದ ಆಸಿಡ್ ಕೂಡ ನೀರಿನಂತೆಯೇ ಕಾಣುತ್ತದೆ, ತಪ್ಪಿ ಹಚ್ಚಿದರೆ ಸುಡುತ್ತದೆ. ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ) ಹಾಕಿ, ಹತ್ತಿಯಿಂದ ದ್ರಾವಣ ಹಚ್ಚಿ, ಪೂರಾ ಒಂದು ನಿಮಿಷ ಕಾಯಬೇಕು. ಕೆಟ್ಟ ಕೋಶಗಳಲ್ಲಿ ಪ್ರೋಟೀನು ಹೆಚ್ಚು. ಅದು ಗಟ್ಟಿಯಾಗಿ, ತೇಪೆ ಅಂಚು ಸ್ಪಷ್ಟವಾದ ದಟ್ಟ ಬಿಳುಪಿಗೆ ತಿರುಗುತ್ತದೆ. ಹಳದಿ ಬಲ್ಬಿನ ಬೆಳಕಿನಲ್ಲಿ ಈ ಬಿಳುಪು ಅಡಗಿಕೊಳ್ಳುತ್ತದೆ. ಬಿಳಿ ಬೆಳಕಿನ ದೀಪವಿಲ್ಲದ ಶಿಬಿರ ದಂಡ. ಸೋಂಕಿನಿಂದಲೂ ತೆಳು ಬಿಳುಪು ಬರುವುದುಂಟು, ಆದ್ದರಿಂದ ಈಗ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮುಂದೆ ಮಾಡುತ್ತದೆ. ಅದಕ್ಕೆ ಬೇಕಾದ ಸ್ಯಾಂಪಲನ್ನು ಹೆಂಗಸರು ತಾವೇ ತೆಗೆದುಕೊಡಬಹುದು.

ಸುಡುವ ಮುನ್ನ ಯಾರಿಗೆ ಬೇಡ ಎಂಬುದು ಗೊತ್ತಿರಬೇಕು. ತೇಪೆ ಗರ್ಭಕೊರಳಿನ ಒಳದಾರಿಗೆ ಇಳಿದಿದ್ದರೆ, ಹೊರಮೈಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹರಡಿದ್ದರೆ, ಗಂಟು ಅಥವಾ ಹುಣ್ಣು ಕಂಡರೆ, ಬಸುರಿಯಾಗಿದ್ದರೆ ಕೈ ಹಾಕಬಾರದು. ಮುಟ್ಟು ನಿಂತವರಲ್ಲಿ ತೇಪೆ ಹುಟ್ಟುವ ಗಡಿಯೇ ಒಳಗೆ ಸರಿದಿರುತ್ತದೆ. ಹೊರಗಿನಿಂದ ಎಲ್ಲವೂ ಚೆನ್ನಾಗಿ ಕಂಡರೂ ನಂಬುವಂತಿಲ್ಲ.

ಹಳೆಯ ದಾರಿ ಕ್ರಯೋಥೆರಪಿ, ಅಂದರೆ ಹೆಪ್ಪುಗಟ್ಟಿಸಿ ಕೊಲ್ಲುವುದು. ಲೋಹದ ತುದಿಯ ಸಲಾಕೆಯನ್ನು (ಪ್ರೋಬ್) ತೇಪೆಗೆ ಒತ್ತಿ ಹಿಡಿದು ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರಸ್ ಆಕ್ಸೈಡ್ ಹರಿಸುತ್ತಾರೆ: 3 ನಿಮಿಷ ಹೆಪ್ಪು, 5 ನಿಮಿಷ ಕರಗಲು ಬಿಡುವುದು, ಮತ್ತೆ 3 ನಿಮಿಷ ಹೆಪ್ಪು. ಪ್ರೋಬಿನ ಅಂಚಿನಿಂದ 4-5 ಮಿ.ಮೀ. ಆಚೆಗೂ ಮಂಜಿನ ಉಂಗುರ ಕಾಣಬೇಕು. ಸಿಲಿಂಡರಿನ ಒತ್ತಡ 40 ಕೆ.ಜಿ.ಗಿಂತ (ಪ್ರತಿ ಚದರ ಸೆಂ.ಮೀ.ಗೆ) ಇಳಿದಿದ್ದರೆ ಮಂಜೇನೋ ಕಟ್ಟೀತು, ಆದರೆ ಆಳದ ಕೋಶಗಳು ಸಾಯುವಷ್ಟು ತಣ್ಣಗಾಗುವುದಿಲ್ಲ. ಇನ್ನೊಂದು ತಪ್ಪು ಆತುರ: ಕರಗುವ ಮೊದಲೇ ಪ್ರೋಬ್ ಎಳೆದರೆ, ತುಟಿಗೆ ಅಂಟಿದ ಐಸ್‌ಕ್ಯಾಂಡಿ ಕಿತ್ತಂತೆ ಚರ್ಮವೂ ಜೊತೆಗೆ ಬರುತ್ತದೆ. ಇವೆಲ್ಲಕ್ಕಿಂತ ದೊಡ್ಡ ತಾಪತ್ರಯ ಸಿಲಿಂಡರೇ. ಅದನ್ನು ಜೀಪಿಗೆ ಏರಿಸಬೇಕು, ಇಳಿಸಬೇಕು, ಖಾಲಿಯಾದರೆ ತುಂಬಿಸಲು ಪೇಟೆಗೆ ಓಡಬೇಕು.

ಅದಕ್ಕೇ ಹಳ್ಳಿಗಳಿಗೆ ಬಿಸಿಯ ವಿಧಾನವೇ ಒಗ್ಗುತ್ತದೆ. ಜರ್ಮನಿಯ ಕುರ್ಟ್ ಸೆಮ್ 1966ರಲ್ಲಿ ತಂದ ಇದಕ್ಕೆ 'ಕೋಲ್ಡ್ ಕೋಆಗ್ಯುಲೇಷನ್' ಎಂದು ಹೆಸರು! ವಿದ್ಯುತ್ತಿನಿಂದ ಸುಡುವುದಕ್ಕೆ ಹೋಲಿಸಿದರೆ ಇದು ತಣ್ಣಗೆ, ಅಷ್ಟೇ. ಈಗ ಟಾರ್ಚಿನಂತೆ ಕೈಯಲ್ಲಿ ಹಿಡಿಯುವ ಬ್ಯಾಟರಿ ಉಪಕರಣವೇ ಸಾಕು. 100 ಡಿಗ್ರಿ ಸೆಲ್ಸಿಯಸ್ ಬಿಸಿಯ ತುದಿಯನ್ನು 20ರಿಂದ 30 ಸೆಕೆಂಡು ಗಟ್ಟಿಯಾಗಿ ಒತ್ತಿಹಿಡಿಯುವುದು. ತೇಪೆ ತುದಿಗಿಂತ ದೊಡ್ಡದಾದರೆ ಒಂದರ ಮೇಲೊಂದು ಸ್ವಲ್ಪ ಬರುವಂತೆ ಮತ್ತೆ ಒತ್ತುವುದು. ಸಡಿಲವಾಗಿ ಹಿಡಿದರೆ ಬಿಸಿ ಮೇಲ್ಪದರದಲ್ಲೇ ಉಳಿಯುತ್ತದೆ. ಯೋನಿಯ ಪಕ್ಕದ ಗೋಡೆ ತಾಗಿ ಸುಡದಿರಲಿ ಎಂದು ಸ್ಪೆಕ್ಯುಲಂಗೆ ತುದಿ ಕತ್ತರಿಸಿದ ಕಾಂಡೋಮ್ ತೊಡಿಸುವ ಉಪಾಯವಿದೆ. ಅರಿವಳಿಕೆ ಸಾಮಾನ್ಯವಾಗಿ ಬೇಕಾಗದು, ಮುಟ್ಟಿನ ನೋವಿನಂಥ ಸೆಳೆತ ಇರುತ್ತದೆ.

ಆಮೇಲೆ ಸುಮಾರು ನಾಲ್ಕು ವಾರ ನೀರುನೀರಾಗಿ ಸ್ರಾವ ಹೋಗುತ್ತದೆ. ಆ ನಾಲ್ಕು ವಾರ ಗಂಡನ ಜೊತೆ ಕೂಡುವಂತಿಲ್ಲ. ಆಗದಿದ್ದರೆ ಕಾಂಡೋಮ್ ಕಡ್ಡಾಯ. ಈ ಮಾತನ್ನು ಗಂಡನಿಗೆ ಹೇಳುವುದು ಚಿಕಿತ್ಸೆಗಿಂತ ಕಷ್ಟ, ಆಶಾ ಕಾರ್ಯಕರ್ತೆಯರನ್ನು ಕೇಳಿ ನೋಡಿ. ಜ್ವರ, ಕೆಟ್ಟ ವಾಸನೆ, ಹೆಪ್ಪುಗಟ್ಟಿದ ರಕ್ತ ಕಂಡರೆ ಕೂಡಲೇ ಬರಬೇಕು. ಬಿಳಿ ಮುಟ್ಟು ಎಂದು ಹೋದವಳಿಗೆ 'ಗರ್ಭಕೋಶವನ್ನೇ ತೆಗೆಸಿಬಿಡು' ಎನ್ನುವವರು ಇನ್ನೂ ಇದ್ದಾರೆ. ಇಂಥ ತೇಪೆಗೆ ಅದರ ಅಗತ್ಯವಿಲ್ಲ. ಬೇಕಾದದ್ದು ವರ್ಷದ ನಂತರ ಇನ್ನೊಂದು ಪರೀಕ್ಷೆ. ಆ ತಾರೀಖನ್ನು ಅವಳ ಕಾರ್ಡಿನಲ್ಲಷ್ಟೇ ಅಲ್ಲ, ಆಶಾ ಕಾರ್ಯಕರ್ತೆಯ ಡೈರಿಯಲ್ಲೂ ಬರೆದಿಡಬೇಕು.