ಆನೆ ಮನೆಗೂ ಪೇಟೆಂಟ್, ಡೇರೆ ಮೋಟೆಲ್‌ಗೂ ಪೇಟೆಂಟ್

ಜಾಹೀರಾತಿನಲ್ಲಿ ‘ಪೇಟೆಂಟ್ ಪಡೆದದ್ದು’ ಅಂತ ಕಂಡರೆ ಸಾಕು, ವಿಜ್ಞಾನಿಗಳೇ ಪರೀಕ್ಷಿಸಿ ಸೈ ಅಂದಿದ್ದಾರೆ ಎಂದು ನಂಬುವವರು ಜಾಸ್ತಿ. ವಾಸ್ತು ಪಿರಮಿಡ್ ಮಾರುವವರಿಗೆ ಇನ್ನೇನು ಬೇಕು? ಹಾಗೆ ನಂಬುವವರಿಗೆ ಅಮೆರಿಕದ ಡಿಸೈನ್ ಪೇಟೆಂಟ್ ತೋರಿಸಬೇಕು. 1842ರಿಂದ ಇದೆ. ವಸ್ತು ನೋಡೋಕೆ ಹೇಗಿದೆ, ಆ ರೂಪ ಹೊಸದಾ, ಇಷ್ಟೇ ಅಲ್ಲಿ ಲೆಕ್ಕ. ಕೆಲಸ ಮಾಡುತ್ತೋ ಇಲ್ಲವೋ ಅದಕ್ಕೆ ಬೇಕಿಲ್ಲ.

ಕೆಂಟಕಿಯ ಫ್ರಾಂಕ್ ರೆಡ್‌ಫೋರ್ಡ್ ಹೆದ್ದಾರಿ ಪಕ್ಕ ಡೇರೆ ಆಕಾರದ ಕಟ್ಟಡಗಳನ್ನು ನಿಲ್ಲಿಸಿದ. ದೊಡ್ಡದರಲ್ಲಿ ಊಟ, ಪೆಟ್ರೋಲ್ ಬಂಕ್; ಚಿಕ್ಕವುಗಳಲ್ಲಿ ಮಲಗುವ ಕೋಣೆ. ಆ ಆಕಾರಕ್ಕೆ 1936ರಲ್ಲಿ ಡಿಸೈನ್ ಪೇಟೆಂಟ್ ಸಿಕ್ಕಿತು. ಕಾರಿನಲ್ಲಿ ಹೋಗುವವನಿಗೆ ಬೋರ್ಡ್ ಓದಲು ಪುರುಸೊತ್ತಿಲ್ಲ, ಹಾಗಾಗಿ ಕಟ್ಟಡವೇ ಬೋರ್ಡ್ ಆಗಬೇಕಿತ್ತು. ಕಟ್ಟಿದ ಕಟ್ಟಡಕ್ಕೆ ಅಲ್ಲಿ ಕಾಪಿರೈಟ್ ರಕ್ಷಣೆ ಬಂದದ್ದು 1990ರಲ್ಲಿ. ಅಲ್ಲಿಯವರೆಗೆ ನಕಲು ತಡೆಯಲು ಇದ್ದ ಕೆಲವೇ ದಾರಿಗಳಲ್ಲಿ ಡಿಸೈನ್ ಪೇಟೆಂಟೂ ಒಂದು.

ನನಗೆ ಖುಷಿ ಕೊಡುವುದು ಇದರೊಳಗಿನ ಚಿತ್ರ. ಇಲ್ಲಿ ಚಿತ್ರವೇ ಹಕ್ಕುಪತ್ರ. ಬರಹ ‘ಚಿತ್ರದಲ್ಲಿ ತೋರಿಸಿದಂತೆ’ ಅನ್ನುವ ಒಂದೇ ವಾಕ್ಯ. ಈಗಿನ ಪದ್ಧತಿಯಲ್ಲಿ ಗಟ್ಟಿ ಗೆರೆ ಎಳೆದದ್ದೆಲ್ಲ ನಿಮ್ಮದು, ತುಂಡು ಗೆರೆಯದ್ದು ಸುಮ್ನೆ ಸನ್ನಿವೇಶಕ್ಕೆ. ಅಂಗಡಿಯ ಮುಂಭಾಗವನ್ನು ಗಟ್ಟಿ ಗೆರೆಯಲ್ಲಿ, ಫುಟ್‌ಪಾತನ್ನು ತುಂಡು ಗೆರೆಯಲ್ಲಿ ಬರೆದರೆ ಫುಟ್‌ಪಾತ್ ಹೇಗಿದ್ದರೂ ಪರವಾಗಿಲ್ಲ, ಮುಂಭಾಗ ಕದ್ದವನು ಸಿಕ್ಕಿಬಿದ್ದ.

ಕದ್ದದ್ದು ಅಂತ ಹೇಳುವವರು ಯಾರು? 1871ರಲ್ಲಿ ಚಮಚ, ಫೋರ್ಕುಗಳ ಹಿಡಿಯ ವಿನ್ಯಾಸದ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಣತರ ಕಣ್ಣು ಬೇಡ, ಕೊಳ್ಳುವ ಸಾಮಾನ್ಯ ಗಿರಾಕಿ ಮೋಸ ಹೋದರೆ ಅದು ನಕಲೇ ಎಂದಿತು ಕೋರ್ಟು. ಮದುವೆ ಛತ್ರದ ಬಾಗಿಲಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೇವಲ್ಲ, ಹಾಗೆ. ಚಮ್ಮಾರನಿಗೆ ಹತ್ತು ವ್ಯತ್ಯಾಸ ಕಾಣಬಹುದು, ನಮಗೆ ಕಾಣಲಿಲ್ಲ ಅಲ್ವಾ?

ಎಲ್ಲ ವಿಚಿತ್ರ ಕಟ್ಟಡವೂ ಡಿಸೈನ್ ಪೇಟೆಂಟಲ್ಲ. ನ್ಯೂಜೆರ್ಸಿಯಲ್ಲಿ ಜೇಮ್ಸ್ ಲಾಫರ್ಟಿ ಸೈಟು ಮಾರಲೆಂದು 1881ರಲ್ಲಿ ಸುಮಾರು 65 ಅಡಿ ಎತ್ತರದ ಆನೆ ಕಟ್ಟಿಸಿದ. ಮರದ ಚೌಕಟ್ಟು, ಮೇಲೆ ತಗಡು. 1882ರಲ್ಲಿ ಅವನು ಪಡೆದದ್ದು ಮಾಮೂಲಿ ಪೇಟೆಂಟ್. ಅಂದರೆ ರಚನೆಯದ್ದು: ಕಾಲಿನೊಳಗೆ ಮೆಟ್ಟಿಲು, ಹೊಟ್ಟೆಯಲ್ಲಿ ಕೋಣೆಗಳು. ಆನೆಯೇ ಆಗಬೇಕಿಲ್ಲ, ಮೀನು, ಹಕ್ಕಿಯೂ ಆಗಬಹುದು ಅಂತಲೂ ಬರೆಸಿದ್ದ, ಆಸಾಮಿ ಚಾಲಾಕಿ! ಆ ಆನೆ, ಲೂಸಿ, ಇವತ್ತಿಗೂ ನಿಂತಿದೆ.

ರೆಡ್‌ಫೋರ್ಡ್‌ನ ಡೇರೆಗಳೂ ಮೂರು ಕಡೆ ಉಳಿದಿವೆ. ಅರಿಜೋನಾದ ಹಾಲ್‌ಬ್ರುಕ್‌ನಲ್ಲಿ ಅಂಥದ್ದನ್ನು ಕಟ್ಟಿದ ಚೆಸ್ಟರ್ ಲೂಯಿಸ್ ರಾಯಧನವನ್ನು ಚೆಕ್ಕಿನಲ್ಲಿ ಕೊಡಲಿಲ್ಲ. ಕೋಣೆಗಳಲ್ಲಿ ಕಾಸು ಹಾಕುವ ರೇಡಿಯೊ ಇಟ್ಟ. ಹತ್ತು ಸೆಂಟ್ ಹಾಕಿದರೆ ಅರ್ಧ ಗಂಟೆ ಹಾಡು, ಆ ಚಿಲ್ಲರೆಯೆಲ್ಲ ರೆಡ್‌ಫೋರ್ಡ್‌ಗೆ.