ಪರಿಚಯದ ಮುಖ, ಬರೀ ನೋಡಿದ ಮುಖ

ಮಿದುಳಿಗೆ ಪೆಟ್ಟಾದವರಿಗೆ ನಾವು ಮಾಡುವ, ಮುಖ ಗುರುತಿಸುವ ಬೆಂಟನ್ ಪರೀಕ್ಷೆಯಲ್ಲಿ ಮೇಲೊಂದು ಫೋಟೊ, ಕೆಳಗೆ ಆರು ಇರುತ್ತವೆ. ಮೊದಲಿಗೆ ಮೇಲಿನ ಫೋಟೊವನ್ನೇ ಕೆಳಗೆ ಹುಡುಕಿದರೆ ಸಾಕು. ಆಮೇಲೆ ಅದೇ ವ್ಯಕ್ತಿ ಪಕ್ಕಕ್ಕೆ ತಿರುಗಿರುತ್ತಾನೆ, ಮುಖದ ಮೇಲೆ ನೆರಳಿರುತ್ತದೆ. ಆರರಲ್ಲಿ ಅವನದೇ ಆದ ಮೂರನ್ನು ಆರಿಸಬೇಕು. ಈ ಹಂತಕ್ಕೆ ಬಂದಾಗ ಕಾಯಿಲೆಯವರಷ್ಟೇ ಅಲ್ಲ, ಜೊತೆಗೆ ಬಂದ ಮಗನೂ ತಡವರಿಸುತ್ತಾನೆ. ಹುಬ್ಬು, ಮೂಗು, ಕೂದಲಿನ ಅಂಚು ಎಂದು ಒಂದೊಂದಕ್ಕೂ ಬೆರಳಿಟ್ಟು ಹೋಲಿಸತೊಡಗುತ್ತಾನೆ. ಆದರೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅಪ್ಪನ ಕೆನ್ನೆಯಷ್ಟೇ ಕಂಡರೂ ಅವನಿಗೆ ಗುರುತು ಸಿಗುತ್ತದೆ.

ಮುಖ ಗುರುತಿಸುವುದರಲ್ಲಿ ನಾವೆಲ್ಲ ಜಾಣರು ಎಂಬ ನಂಬಿಕೆ ಪರಿಚಯದ ಮುಖಗಳಿಗೆ ಮಾತ್ರ ನಿಜ. 2011ರಲ್ಲಿ ಮನೋವಿಜ್ಞಾನಿ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು ನೆದರ್ಲೆಂಡ್ಸ್‌ನ ಇಬ್ಬರು ಪ್ರಸಿದ್ಧರ ತಲಾ 20 ಫೋಟೊಗಳನ್ನು ಕಲೆಸಿ, ಒಬ್ಬೊಬ್ಬರದನ್ನು ಬೇರೆ ಬೇರೆ ಗುಡ್ಡೆ ಮಾಡಲು ಹೇಳಿದರು. ಅವರನ್ನು ಕಂಡರಿಯದ ಬ್ರಿಟನ್ನಿನವರು ಸಾಮಾನ್ಯವಾಗಿ ಏಳೆಂಟು ಗುಡ್ಡೆ ಮಾಡಿದರು. ಡಚ್ಚರಿಗೆ ಸಲೀಸಾಗಿ ಎರಡೇ.

ಮಕಾಕ್ ಕೋತಿಗಳ ಮಿದುಳಿನಲ್ಲಿ ಮುಖ ಗುರುತಿಸುವ ಕೆಲಸ ಹಂತಹಂತವಾಗಿ ನಡೆಯುವುದನ್ನು ನರವಿಜ್ಞಾನಿಗಳಾದ ಫ್ರೈವಾಲ್ಡ್ ಮತ್ತು ತ್ಸಾವ್ 2010ರಲ್ಲಿ ತೋರಿಸಿದರು. ಒಂದು ಭಾಗದ ನರಕೋಶಗಳು ಮುಖ ಇಂಥದೇ ಕಡೆಗೆ ತಿರುಗಿದ್ದರೆ ಮಾತ್ರ ಸ್ಪಂದಿಸುತ್ತವೆ. ಮುಂದಿನ ಭಾಗಕ್ಕೆ ಎಡಪಕ್ಕವೂ ಬಲಪಕ್ಕವೂ ಒಂದೇ. ಇನ್ನೂ ಮುಂದೆ ಹೋದರೆ, ಹೇಗೆ ತಿರುಗಿದರೂ ಆ ವ್ಯಕ್ತಿಯನ್ನೇ ಹಿಡಿಯುವ ಕೋಶಗಳಿವೆ. ನನ್ನ ದೃಷ್ಟಿಯಲ್ಲಿ ನರವಿಜ್ಞಾನದ ಅತಿ ಸುಂದರ ಶೋಧಗಳಲ್ಲಿ ಇದೂ ಒಂದು.

ಹಾಗಿದ್ದರೂ ಹೊಸ ಮುಖದ ಒಂದೇ ನೋಟದಿಂದ ಉಳಿದ ನೋಟಗಳನ್ನು ಊಹಿಸುವುದು ಮಿದುಳಿಗೆ ಕಷ್ಟ. ನಗುವಾಗ, ಬಿಸಿಲಿನಲ್ಲಿ, ಕನ್ನಡಕ ತೆಗೆದಾಗ ಹೀಗೆ ನಾನಾ ಬಗೆಯಲ್ಲಿ ಕಂಡ ಮೇಲಷ್ಟೇ ಮುಖ ಪರಿಚಯವಾಗುತ್ತದೆ.

ಮರೆವಿನ ಕಾಯಿಲೆಯ ಹಿರಿಯರು ಮನೆಯಿಂದ ಕಾಣೆಯಾದಾಗ ವಾಟ್ಸಾಪ್‌ನಲ್ಲಿ ಹರಿದಾಡುವುದು ಆಧಾರ್ ಕಾರ್ಡಿನ ಫೋಟೊ, ಇಲ್ಲವೇ ಯಾವುದೋ ಮದುವೆಯಲ್ಲಿ ಪೇಟ ಸುತ್ತಿ ನಿಂತದ್ದು. ಮನೆಯವರಿಗೆ ಅದು ಧಾರಾಳ ಸಾಕು. ಹುಡುಕಬೇಕಾದ ಅಪರಿಚಿತರಿಗೆ ಸಾಲದು. ಅದಕ್ಕೇ ನನ್ನಲ್ಲಿಗೆ ಬರುವ ಕುಟುಂಬಗಳಿಗೆಲ್ಲ ಹೇಳುತ್ತೇನೆ: ಎದುರಿನಿಂದ, ಎರಡೂ ಪಕ್ಕದಿಂದ, ಅರೆ ತಿರುಗಿದಂತೆ, ಕನ್ನಡಕವಿಟ್ಟು, ಕನ್ನಡಕ ತೆಗೆದು, ದಿನವೂ ಉಡುವ ಬಟ್ಟೆಯಲ್ಲೇ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಗಡ್ಡ ಬಿಟ್ಟರೆ, ಮೈ ಇಳಿದರೆ ಹೊಸದಾಗಿ ತೆಗೆಯಿರಿ. ಪೊಲೀಸರಿಗೆ ಕೊಡುವಾಗ ಒಂದನ್ನೇ ಆರಿಸಬೇಡಿ, ಎಲ್ಲವನ್ನೂ ಕೊಡಿ.